ಪರದೆ, ಟ್ಯಾಬ್, ತರಗತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರೊಜೆಕ್ಟರ್ ಹೊಸದು. ಆದರೂ ಹಗಲಲ್ಲಿ ಚಿತ್ರ ಮಂಕು, ಹಿಂದಿನ ಬೆಂಚಿನವರಿಗೆ ಅಕ್ಷರ ಕಾಣಿಸುವುದಿಲ್ಲ. ಇನ್ನೂ ಹೆಚ್ಚು ಲುಮೆನ್‌ನದನ್ನು, ಅಂದರೆ ಹೆಚ್ಚು ಬೆಳಕು ಕೊಡುವುದನ್ನು, ಕೊಳ್ಳಬೇಕೇ?

ಉತ್ತರ: ಕೊಳ್ಳುವ ಮೊದಲು ಚಿತ್ರವನ್ನು ಚಿಕ್ಕದು ಮಾಡಿ ನೋಡಿ. ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿದಷ್ಟೂ ಮಂಕಾಗುತ್ತದೆ. 3 ಮೀಟರ್ ಅಗಲದ ಚಿತ್ರವನ್ನು 2 ಮೀಟರಿಗೆ ಇಳಿಸಿದರೆ ಪ್ರಖರತೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಪರದೆಯ ಹತ್ತಿರದ ದೀಪ ಆರಿಸಿ, ಪಕ್ಕದ ಕಿಟಕಿಗೆ ಪರದೆ ಎಳೆಯಿರಿ. ಮಕ್ಕಳ ತಲೆಯ ಮೇಲಿನ ದೀಪ ಮಾತ್ರ ಉರಿಯುತ್ತಿರಲಿ, ಇಲ್ಲದಿದ್ದರೆ ಅವರು ಬರೆದುಕೊಳ್ಳಲಾಗದು. ಗಾಳಿಯ ಜಾಲರಿಯಲ್ಲಿ ಧೂಳು ಕಟ್ಟಿದ್ದರೆ ಪ್ರೊಜೆಕ್ಟರ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ, ಅದನ್ನೂ ಒರೆಸಿಡಿ. ಹೊಸದು ಬೇಕೇ ಬೇಕೆಂದಾದರೆ ಡಬ್ಬದ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗದೆ ಆನ್ಸಿ ಲುಮೆನ್ (ನಿಗದಿತ ವಿಧಾನದಲ್ಲಿ ಅಳೆದ ಬೆಳಕು) ಎಷ್ಟು ಎಂದು ಕೇಳಿ.

ಅಕ್ಷರದ ವಿಷಯ ಬೇರೆ. ಕೊನೆಯ ಬೆಂಚು 8 ಮೀಟರ್ ದೂರದಲ್ಲಿದ್ದರೆ ಪರದೆಯ ಮೇಲೆ ಅಕ್ಷರ ಕನಿಷ್ಠ 4 ಸೆಂಟಿಮೀಟರ್ ಎತ್ತರ ಇರಬೇಕು. 2 ಮೀಟರ್ ಅಗಲದ ಚಿತ್ರದಲ್ಲಿ ಇದಕ್ಕೆ ಸ್ಲೈಡಿನಲ್ಲಿ ಸುಮಾರು 36 ಪಾಯಿಂಟ್ ಬೇಕಾಗುತ್ತದೆ. ಕನ್ನಡಕ್ಕೆ ಸಾಲುಗಳ ಅಂತರವನ್ನೂ ಒಂದೂವರೆ ಪಟ್ಟು ಮಾಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ದೂರದಿಂದ ಎರಡೂ ಓದಲಾಗುವುದಿಲ್ಲ. ಹೀಗೆ ಮಾಡಿದಾಗ ಒಂದು ಸ್ಲೈಡಿಗೆ ಆರೇಳು ಸಾಲಷ್ಟೇ ಹಿಡಿಯುತ್ತದೆ. ಅಷ್ಟೇ ಸಾಕು, ಉಳಿದದ್ದು ನಿಮ್ಮ ಬಾಯಿಂದ ಬರಲಿ.

ಪ್ರಶ್ನೆ: ವಿಜ್ಞಾನದ ವಿಡಿಯೋ ತೋರಿಸಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮರುದಿನ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಳ್ಳೆಯ ವಿಡಿಯೋ ಆರಿಸುವುದು ಹೇಗೆ?

ಉತ್ತರ: ವಿಡಿಯೋ ಬದಲಿಸಿದ ಮಾತ್ರಕ್ಕೆ ಇದು ಸರಿಹೋಗದು. ಅದು ಓಡುವಷ್ಟು ಹೊತ್ತೂ ಮಕ್ಕಳಿಗೆ ಮಾಡಲು ಕೆಲಸವಿಲ್ಲ. ನೋಡಿದ್ದೆಲ್ಲ ಅರ್ಥವಾಯಿತು ಅನ್ನಿಸುತ್ತದೆ, ಅಲ್ಲಿಗೆ ಮುಗಿಯಿತು. ತೋರಿಸುವ ಮೊದಲೇ ಪ್ರತಿಯೊಬ್ಬರಿಂದಲೂ ಒಂದು ಊಹೆ ಬರೆಸಿ. ಬಾಯಲ್ಲಿ ಕೇಳಿದರೆ ನಾಲ್ವರು ಕೂಗುತ್ತಾರೆ, ಉಳಿದವರು ಅವರ ಹಿಂದೆ ಅಡಗುತ್ತಾರೆ. ಬರೆಸಿದರೆ ಅಡಗಲು ಜಾಗವಿಲ್ಲ.

ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯಲ್ಲೇ ಮಾಡುವ ಪ್ರಯೋಗಗಳು, ಉಚಿತವಾಗಿ ಸಿಗುತ್ತವೆ. ಅದರ ಸರ್ಕಿಟ್ ಕಿಟ್ ತೆರೆದು 9 ವೋಲ್ಟ್ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬ್ ಜೋಡಿಸಿ. ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರ್ 0.9 ಆಂಪಿಯರ್ ತೋರಿಸುತ್ತದೆ. ಈಗ ನಿಲ್ಲಿಸಿ ಕೇಳಿ: ಇಂಥದ್ದೇ ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಮೊದಲ ಬಲ್ಬು ವಿದ್ಯುತ್ತನ್ನು ಸ್ವಲ್ಪ ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಸಿಗುತ್ತದೆ ಎಂದು ಹಲವರು ಬರೆಯುತ್ತಾರೆ. ಈ ತಪ್ಪು ಕಲ್ಪನೆ ಬಹಳ ಗಟ್ಟಿ, ನೀವು ವಿವರಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಬಲ್ಬ್ ಸೇರಿಸಿ, ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ ಇಟ್ಟು ತೋರಿಸಿ. ಮೂರೂ ಕಡೆ 0.45. ಎರಡೂ ಬಲ್ಬ್ ಸಮನಾಗಿ ಮಂಕು. ಒಂದೊಂದರ ಸಾಮರ್ಥ್ಯ 8.1 ವ್ಯಾಟ್‌ನಿಂದ ಸುಮಾರು 2 ವ್ಯಾಟ್‌ಗೆ, ಅಂದರೆ ಕಾಲು ಭಾಗಕ್ಕೆ ಇಳಿದಿದೆ. ತಾನು ಬರೆದದ್ದರ ಪಕ್ಕದಲ್ಲೇ ಕಂಡದ್ದನ್ನೂ ಮಗು ಬರೆದು, ಏಕೆ ತಪ್ಪಿತು ಎಂದು ಒಂದು ವಾಕ್ಯ ಸೇರಿಸಲಿ.

ಆಮೇಲೆ ನಿಜವಾದ ಬ್ಯಾಟರಿ, ಟಾರ್ಚ್ ಬಲ್ಬ್‌ಗಳಲ್ಲೂ ಇದನ್ನು ಮಾಡಿಸಿ. ಅಲ್ಲಿ ಲೆಕ್ಕ ಇಷ್ಟು ನೇರವಾಗಿ ಕೂಡಿಬರುವುದಿಲ್ಲ, ಏಕೆಂದರೆ ಬಲ್ಬಿನೊಳಗಿನ ತಂತಿ ತಣ್ಣಗಾದಂತೆ ಅದರ ರೋಧ ಕಡಿಮೆಯಾಗುತ್ತದೆ. ಆ ವ್ಯತ್ಯಾಸವೇ ಮುಂದಿನ ಪಾಠಕ್ಕೆ ಒಳ್ಳೆಯ ಪ್ರಶ್ನೆ.

ವಿಡಿಯೋಗೂ ಇದೇ ಕ್ರಮ. ಮೂರು ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮುಂದೇನಾಗುತ್ತದೆ ಎಂದು ಬರೆಸಿ. ಮರುದಿನ ಪುಸ್ತಕ ಮುಚ್ಚಿಸಿ ಐದು ನಿಮಿಷ ಮೂರು ಪ್ರಶ್ನೆ ಕೊಡಿ: ಒಂದು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಇದಕ್ಕೆ ಅಂಕ ಕೊಡಬೇಡಿ. ಅಂಕ ಬಂದರೆ ಪಕ್ಕದವರ ಹಾಳೆ ನೋಡುವುದು ಶುರುವಾಗುತ್ತದೆ.

ಪ್ರಶ್ನೆ: ಮಕ್ಕಳ ಬಳಿ ಯಾವ ಸಾಧನವೂ ಇಲ್ಲ, ನನ್ನ ಫೋನ್ ಒಂದೇ ಇದೆ. ರಸಪ್ರಶ್ನೆ ಆ್ಯಪ್ ಬಳಸಲು ಸಾಧ್ಯವೇ?

ಉತ್ತರ: ಪ್ಲಿಕರ್ಸ್ ಇದಕ್ಕೆಂದೇ ಇದೆ. ಪ್ರತಿ ಮಗುವಿಗೂ ಕಪ್ಪು ಚೌಕಗಳ ಗುರುತಿರುವ ಒಂದು ಕಾರ್ಡ್. ಅದರ ನಾಲ್ಕು ಅಂಚುಗಳೇ ಎ, ಬಿ, ಸಿ, ಡಿ. ತನ್ನ ಉತ್ತರದ ಅಂಚು ಮೇಲೆ ಬರುವಂತೆ ಮಗು ಕಾರ್ಡ್ ಹಿಡಿಯುತ್ತದೆ, ನೀವು ಫೋನ್ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನವಾಗಿ ಹಾಯಿಸುತ್ತೀರಿ. ಯಾರದು ಯಾವ ಉತ್ತರ ಎಂಬುದು ನಿಮಗೆ ಮಾತ್ರ ಕಾಣುತ್ತದೆ.

ಕಾರ್ಡ್ ಓದದಿದ್ದರೆ ಬೆರಳು ಕಪ್ಪು ಗುರುತಿನ ಮೇಲೆ ಬಂದಿದೆಯೇ ನೋಡಿ. ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ದೀಪದ ಪ್ರತಿಫಲನದಿಂದ ಕ್ಯಾಮೆರಾಗೆ ಗುರುತು ಸಿಗುವುದಿಲ್ಲ. ದಪ್ಪ ಕಾಗದ ಸಾಕು. ಇದಕ್ಕಿಂತ ಹೆಚ್ಚಿನ ಶ್ರಮವನ್ನು ತಪ್ಪು ಉತ್ತರಗಳನ್ನು ಆರಿಸಲು ಹಾಕಿ. 1/2 + 1/3 ಎಷ್ಟು ಎಂದು ಕೇಳಿದಾಗ ಆಯ್ಕೆಗಳಲ್ಲಿ 2/5 ಇರಲೇಬೇಕು: ಅದನ್ನು ಹಿಡಿದವರು ಅಂಶ ಅಂಶ, ಛೇದ ಛೇದ ಕೂಡಿದ್ದಾರೆ ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಯಾರೂ ಆರಿಸದ ಆಯ್ಕೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: 30 ಟ್ಯಾಬ್‌ಗಳಲ್ಲಿ ಒಟ್ಟಿಗೆ ವಿಡಿಯೋ ತೆರೆದರೆ ಎಲ್ಲವೂ ಸುತ್ತುತ್ತಾ ನಿಲ್ಲುತ್ತವೆ.

ಉತ್ತರ: ಒಂದು 720ಪಿ (ಸಾಧಾರಣ ಸ್ಪಷ್ಟತೆಯ) ವಿಡಿಯೋಗೆ ಸುಮಾರು 2.5 ಎಂಬಿಪಿಎಸ್ ಇಂಟರ್ನೆಟ್ ವೇಗ ಎಂದರೂ 30ಕ್ಕೆ 75 ಆಯಿತು. ಪಾಠದ ಸಾಮಗ್ರಿಯನ್ನು ಶಾಲೆಯೊಳಗೇ ಇಟ್ಟುಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಇಲ್ಲದೆ ಪಾಠ ತೋರಿಸುವ ಉಚಿತ ತಂತ್ರಾಂಶ ಕೊಲಿಬ್ರಿ ಹಾಕಿ, ಬೇಕಾದ ಚಾನೆಲ್‌ಗಳನ್ನು (ಪಾಠಗಳ ಕಟ್ಟುಗಳನ್ನು) ಒಮ್ಮೆ ಇಳಿಸಿಕೊಂಡು, ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್‌ನಲ್ಲಿ ಜೋಡಿಸಿ. ಟ್ಯಾಬ್‌ನ ಬ್ರೌಸರಿನಲ್ಲಿ ಆ ಲ್ಯಾಪ್‌ಟಾಪಿನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬರೆದು ಕೊನೆಗೆ :8080 ಎಂದು ಹಾಕಿದರೆ ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆ. ನಿನ್ನೆ ತೆರೆದದ್ದು ಇಂದು ತೆರೆಯದಿದ್ದರೆ ವಿಳಾಸ ಬದಲಾಗಿರಬಹುದು. ರೂಟರಿನಲ್ಲಿ ಅದನ್ನು ಕಾಯಂ ಮಾಡಿ. ಲ್ಯಾಪ್‌ಟಾಪಿನ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ರಕ್ಷಣಾ ತಂತ್ರಾಂಶ) ತಡೆಯುತ್ತಿದೆಯೇ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿದೆಯೇ ಎಂದೂ ನೋಡಿ. ಮನೆಬಳಕೆಯ ರೂಟರಿಗೆ 30 ಸಾಧನಗಳ ವಿಡಿಯೋ ಒಟ್ಟಿಗೆ ಹೊರೆಯೇ. ಇಬ್ಬರಿಗೊಂದು ಟ್ಯಾಬ್ ಕೊಡಿ. ಹೊರೆ ಅರ್ಧವಾಗುತ್ತದೆ, ಮಕ್ಕಳು ತಮ್ಮಲ್ಲೇ ಮಾತಾಡಿಕೊಂಡು ಉತ್ತರಿಸುತ್ತಾರೆ ಕೂಡ.

ಪ್ರಶ್ನೆ: ರಜೆ ಮುಗಿಸಿ ಬಂದಾಗ ಕೆಲವು ಟ್ಯಾಬ್‌ಗಳು ಚಾರ್ಜ್ ಆಗುತ್ತಿಲ್ಲ, ಎರಡರ ಬೆನ್ನು ಉಬ್ಬಿದೆ.

ಉತ್ತರ: ಉಬ್ಬಿದವನ್ನು ಇಂದೇ ಪ್ರತ್ಯೇಕಿಸಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ. ಉಳಿದವು ರಜೆಯಲ್ಲಿ ಪೂರ್ತಿ ಖಾಲಿಯಾಗಿರಬೇಕು. ಮೂಲ ಚಾರ್ಜರಿನಲ್ಲಿ ಒಂದೆರಡು ಗಂಟೆ ಬಿಟ್ಟು ನೋಡಿ, ಕೆಲವು ಮತ್ತೆ ಜೀವ ಹಿಡಿಯುತ್ತವೆ. ಮುಂದಿನ ರಜೆಗೆ 50% ಆಸುಪಾಸು ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ಬಿಸಿಲು ತಾಗದ ಕಪಾಟಿನಲ್ಲಿಡಿ. ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಿ ಎಲ್ಲ ಟ್ಯಾಬ್‌ಗಳನ್ನೂ ಚಾರ್ಜ್ ಮಾಡುವ ರೂಢಿಯಿದ್ದರೆ ಅದನ್ನೂ ನಿಲ್ಲಿಸಿ. ಹತ್ತತ್ತರಂತೆ ಸರದಿಯಲ್ಲಿ, ಯಾರಾದರೂ ಇರುವ ಹೊತ್ತಿನಲ್ಲೇ ಚಾರ್ಜ್ ಮಾಡಿ.