ಕಬ್ಬಿನ ಜಲ್ಲೆ ಬಿಸ್ಕತ್ ಮೇಲೆ ಕೂರೋದು ಹೇಗೆ?

ಪ್ರಶ್ನೆ: ಅಕ್ಕಾ, ನಮ್ದೊಂದು ಹೆಂಗಸ್ರ ಸಂಘ ಅದೆ, 2000ನೇ ಇಸ್ವೀಲಿ ಶುರು ಮಾಡಿದ್ದು. ಇಪ್ಪತ್ತೈದು ವರ್ಷ ಆಯ್ತು ಅಂತ ಫಂಕ್ಷನ್ ಮಾಡ್ತಾ ಇದೀವಿ, ಬಂದೋರಿಗೆ ಮನೇಲೇ ಮಾಡಿದ ಬೆಣ್ಣೆ ಬಿಸ್ಕತ್ ಮೇಲೆ ನಮ್ಮ ಲೋಗೋ ಹಾಕಿ ಕೊಡೋಣ ಅಂತ ನಾನೇ ಬಾಯಿ ಬಿಟ್ಟು ಹೇಳ್ಬಿಟ್ಟೆ, ಈಗ ತಲೆ ಕೆಟ್ಟೋಗದೆ ಕಣಕ್ಕ. ಸುತ್ತ ಒಂದು ರೌಂಡು, ಎಡಕ್ಕೊಂದು ಬಲಕ್ಕೊಂದು ಕಬ್ಬಿನ ಜಲ್ಲೆ, ಮಧ್ಯ ದೀಪ, ಮೇಲೆ ಬಾಗಿಸಿ ಬರೆದ ಸಂಘದ ಹೆಸರು, ಹದಿನಾಲ್ಕು ಅಕ್ಷರ, ಕೆಳಗೆ ‘ಸ್ಥಾಪನೆ 2000’. ನೂರಿಪ್ಪತ್ತು ಬಿಸ್ಕತ್ ಬೇಕು. ಟ್ರಯಲ್ ಅಂತ ನಾಕು ಮಾಡ್ದೆ, ಅಕ್ಷರ ಎಲ್ಲ ಅಂಟ್ಕೊಂಡು ಇಡ್ಲಿ ಥರ ಆಯ್ತು, ಬೆಳಿಗ್ಗೆ ನೋಡಿದ್ರೆ ಕಪ್ಪು ಬಣ್ಣ ಬಿಳಿಗೆ ಇಳ್ದದೆ. ಅರ್ಧ ಜನ ಮೊಟ್ಟೆ ಮುಟ್ಟಲ್ಲ ಬೇರೆ. ಇನ್ನು ಹತ್ತೇ ದಿನ.
– ಗುತ್ತಲು ರಸ್ತೆ, ಮಂಡ್ಯ

ಉತ್ತರ: ಮೊದ್ಲು ಒಂದು ಸಮಾಧಾನ ತಗೋಳಮ್ಮ, ಕಪ್ಪು ಬಿಳಿಗೆ ಇಳಿಯೋದು ನನಗೂ ಆಗಿದೆ, ನಮ್ಮ ಅಣ್ಣನ ಮಗನ ಅಂಗಡಿ ಪೂಜೆಗೆ ಅಂತ ನಲವತ್ತು ಬಿಸ್ಕತ್ ರಾತ್ರಿ ಹನ್ನೆರಡರ ತನಕ ಕೂತು ಬರ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಅತ್ತ ಮಗೂನ ಕಾಡಿಗೆ ಕಣ್ಣು ಹೇಗಿರತ್ತೋ ಹಾಗಿತ್ತು ಒಂದೊಂದೂ. ಆಮೇಲೆ ಗೊತ್ತಾಯ್ತು, ಕೆಳಗೆ ಹರಡಿದ ಬಿಳಿ ಐಸಿಂಗ್, ಅಂದ್ರೆ ನುಣ್ಣನೆ ಸಕ್ಕರೆ ಪುಡಿ ಕಲಸಿದ ಲೇಪ, ಪೂರ್ತಿ ಒಣಗೋಕೆ ಮೊದ್ಲೇ ಕಪ್ಪು ಹಾಕಿದ್ದೆ, ಅದೂ ಸಾಲದು ಅಂತ ಬಾಟ್ಲಿಯ ನೀರು ಬಣ್ಣ ಸುರಿದು ಸುರಿದು ಕಪ್ಪು ಮಾಡಿದ್ದೆ.

ಈಗ ನಿಮ್ಮ ಲೋಗೋಗೆ ಬರೋಣ. ಬೇಜಾರು ಮಾಡ್ಕೋಬೇಡಿ, ಅದು ಲೆಟರ್‌ಹೆಡ್‌ಗೆ ಮಾಡಿದ ಲೋಗೋ, ಬಿಸ್ಕತ್‌ಗೆ ಅಲ್ಲ. ಲೆಕ್ಕ ಹಾಕಿ ನೋಡಿ, ಆರು ಸೆಂಟಿಮೀಟರ್ ಅಗಲದ ಬಿಸ್ಕತ್ತು, ಅಂಚು ಬಿಟ್ಟು ಅಕ್ಷರ ಬಾಗಿಸೋ ಅರ್ಧ ವೃತ್ತಕ್ಕೆ ಸಿಗೋದು ಹೆಚ್ಚುಕಡಿಮೆ ಏಳು ಸೆಂಟಿಮೀಟರ್ ಉದ್ದ. ಹದಿನಾಲ್ಕು ಅಕ್ಷರ ಅಂದ್ರೆ ಒಂದೊಂದಕ್ಕೆ ಐದು ಮಿಲಿಮೀಟರ್. ಐಸಿಂಗ್ ಕೋನ್ ತುದಿಗೆ ಹಾಕೋ ಮೂತಿ, ಅದೇ ನಾಝಲ್, ಅತಿ ಸಣ್ಣ ಅನ್ನೋ ಒಂದನೇ ನಂಬರಿಂದು ತಗೊಂಡ್ರೂ ಬರೋ ಎಳೆನೇ ಒಂದು ಮಿಲಿಮೀಟರ್ ಹತ್ರ ಇರತ್ತೆ. ಇಂಗ್ಲಿಷ್ ಅಕ್ಷರ ಆದ್ರೆ ನೆಟ್ಟಗೆ ಎರಡು ಗೀಟು ಎಳೆದು ಬಚಾವಾಗಬಹುದು, ನಮ್ಮ ಕನ್ನಡದಲ್ಲಿ ಎಲ್ಲಾ ದುಂಡಗೆ, ಮೇಲೆ ತಲೆಕಟ್ಟು ಕೆಳಗೆ ಒತ್ತು, ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋದ್ರೆ ಮುಗೀತು. ‘ಸ್ಥಾಪನೆ’ಯ ಸ್ಥಾ ಒಂದೇ ಸಾಕು ಮನುಷ್ಯರಿಗೆ ಸೋಲು ಒಪ್ಪಿಸೋಕೆ.

ಹಾಗಾಗಿ ನನ್ನ ಮಾತು ಕೇಳೋದಾದ್ರೆ ಹೆಸರನ್ನ ಬಿಸ್ಕತ್ ಮೇಲಿಂದ ಇಳಿಸಿ ಕವರ್‌ಗೆ ಅಂಟಿಸೋ ಸ್ಟಿಕ್ಕರ್‌ಗೆ ಕಳಿಸಿ. ಬಿಸ್ಕತ್ ಮೇಲೆ ಎರಡು ಜಲ್ಲೆ, ಒಂದು ದೀಪ, ಕೆಳಗೆ ದಪ್ಪಗೆ 25. ಮಂಡ್ಯದಲ್ಲಿ ಕಬ್ಬು ಕಂಡ್ರೆ ಸಾಕಲ್ಲ, ಮಿಕ್ಕಿದ್ದು ಜನ ತಾವೇ ಓದ್ಕೋತಾರೆ. ಜಲ್ಲೆಗೂ ಪ್ರತಿ ಸೋಗೆ ಬರೀಬೇಡಿ, ಒಂದು ದಪ್ಪ ಹಸಿರು ಗೆರೆ, ಒಣಗಿದ ಮೇಲೆ ಅದರ ಮೇಲೆ ಮೂರು ಗೆಣ್ಣು, ತುದೀಲಿ ಎರಡೇ ಎರಡು ಸೋಗೆ.

ಇಲ್ಲ, ಹೆಸರು ಬಿಡೋಕಾಗಲ್ಲ, ಅಧ್ಯಕ್ಷರು ಒಪ್ಪಲ್ಲ ಅನ್ನೋ ಹಾಗಿದ್ರೆ ಕೈ ಬರವಣಿಗೆ ಆಸೆ ಬಿಟ್ಟು ಪ್ರಿಂಟ್ ಹಾಕಿಸಿ. ಫೋಟೋ ಕೇಕ್ ಮಾಡೋ ಬೇಕರಿಯವ್ರನ್ನ ಕೇಳಿ, ತಿನ್ನೋ ಇಂಕಲ್ಲಿ ಐಸಿಂಗ್ ಶೀಟ್ ಮೇಲೆ ಪ್ರಿಂಟ್ ತೆಗೀತಾರೆ. ಐದು ಸೆಂಟಿಮೀಟರ್ ಲೋಗೋ ಎ4 ಅಳತೆಯಲ್ಲಿ ಅಡ್ಡಕ್ಕೆ ನಾಕು ಉದ್ದಕ್ಕೆ ಐದು, ಇಪ್ಪತ್ತು ಕೂರತ್ತೆ, ಅಂದ್ರೆ ಆರು ಶೀಟು, ಹರಿದುಹೋಗೋಕೆ ಅಂತ ಇನ್ನೊಂದು. ಮನೆ ಪ್ರಿಂಟರಲ್ಲಿ ತಿನ್ನೋ ಇಂಕ್ ತುಂಬಿಸಿ ಮಾಡ್ತೀನಿ ಅಂತ ಮಾತ್ರ ಹೋಗ್ಬೇಡಿ, ಮಾಮೂಲಿ ಇಂಕ್ ಒಂದ್ಸಲ ಓಡಿದ ಪ್ರಿಂಟರ್ ಅಡುಗೆಗೆ ಬರಲ್ಲ. ಅಂಟಿಸುವಾಗ ಬ್ರಷ್ ಅದ್ದಿ ನೀರು ಹಚ್ಚಿದ್ದು ಹೌದೋ ಅಲ್ಲವೋ ಅನ್ನೋಷ್ಟು ಮಾತ್ರ, ಜಾಸ್ತಿ ಆದ್ರೆ ಶೀಟೇ ಕರಗತ್ತೆ. ಕೆಳಗೆ ಬಿಳಿ ಐಸಿಂಗ್ ಇರ್ಲೇಬೇಕು, ಬಿಸ್ಕತ್ತಿನ ಕಂದು ಮೇಲೆ ನೇರ ಅಂಟಿಸಿದ್ರೆ ಬಣ್ಣ ಮಂಕಾಗತ್ತೆ. ಶೀಟಿನ ಡಬ್ಬಿ ಮೇಲೆ ಹಸಿರು ಚುಕ್ಕೆ ಇದ್ಯಾ ಅಂತಾನೂ ಕೇಳ್ಕೊಳ್ಳಿ.

ಮೊಟ್ಟೆ ವಿಷಯ. ಅಂಗಡೀಲಿ ಮೆರಿಂಗ್ ಪೌಡರ್ ಅಂತ ಕೊಡ್ತಾರೆ, ಪುಡಿ ಅಂದ ತಕ್ಷಣ ವೆಜ್ ಅಂತ ತುಂಬಾ ಜನ ಅಂದ್ಕೋತಾರೆ, ಅದು ಒಣಗಿಸಿದ ಮೊಟ್ಟೆ ಬಿಳಿನೇ. ನಿಮಗೆ ಬೇಕಾಗಿರೋದು ಕಟ್ಟು. ಹೌದು, ಕಟ್ಟಿನ ಸಾರಿನ ಕಟ್ಟೇ, ಆದ್ರೆ ಕಾಬೂಲ್ ಕಡಲೆದು. ಉಪ್ಪು ಹಾಕದೆ ಬೇಯಿಸಿ, ಸೋಸಿ, ಆ ನೀರನ್ನ ಮೊಟ್ಟೆ ಬಿಳಿ ಥರ ಲೋಳೆಲೋಳೆ ಆಗೋ ತನಕ ಕುದಿಸಿ ಇಂಗಿಸಿ ಆರಿಸಿ. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಅನ್ನೋರು ಈ ಕಾಳಿನ ನೀರು ಮೊಟ್ಟೆ ಥರಾನೇ ನೊರೆ ಬರತ್ತೆ ಅಂತ ತೋರಿಸಿದ್ದು, ಈಗ ಪ್ರಪಂಚದ ತುಂಬ ಅಕ್ವಾಫಾಬಾ ಅಂತ ಕರೀತಾರೆ, ನಾವು ಇಷ್ಟು ವರ್ಷ ಮೆಣಸು ಹಾಕಿ ಕುಡ್ದು ಮುಗಿಸಿದ್ವಿ. ಅರ್ಧ ಕೆಜಿ ಐಸಿಂಗ್ ಶುಗರ್‌ಗೆ ಎಂಬತ್ತರಿಂದ ತೊಂಬತ್ತು ಎಂಎಲ್ ಕಟ್ಟು, ಎರಡು ಹನಿ ನಿಂಬೆರಸ, ಬೀಟರಲ್ಲಿ ಬೆಳ್ಳಗೆ ಹೊಳಪು ಬರೋ ತನಕ ತಿರುಗಿಸಿ. ಪಾತ್ರೇಲಿ ಎಣ್ಣೆ ಪಸೆ ಇದ್ರೆ ನೊರೆ ಏಳಲ್ಲ, ಪ್ಲಾಸ್ಟಿಕ್ ಬೇಸಿನ್ ಬೇಡ, ಸ್ಟೀಲ್ ಪಾತ್ರೆ ನಿಂಬೆಹೋಳಲ್ಲಿ ಒರೆಸಿ ತಗೊಳ್ಳಿ. ಸಕ್ಕರೆ ಮಿಕ್ಸೀಲಿ ಪುಡಿ ಮಾಡ್ಕೊಂಡ್ರೆ ತೆಳು ಪಂಚೆ ಬಟ್ಟೇಲಿ ಜರಡಿ ಹಿಡೀಲೇಬೇಕು, ಒಂದೇ ಒಂದು ಹರಳು ನಾಝಲ್‌ಗೆ ಸಿಕ್ಕಿದ್ರೆ ಕೋನ್ ಹಿಂದಿನಿಂದ ಒಡೆದು ಕೈಗೆಲ್ಲ ಮೆತ್ಕೊಳ್ಳತ್ತೆ.

ಎರಡು ಹದ ಬೇಕು. ಗೆರೆಗೆ ಟೂತ್‌ಪೇಸ್ಟ್ ಥರ. ಮೇಲೆ ಹರಡೋ ಬಿಳಿಗೆ ದೋಸೆ ಹಿಟ್ಟಿನ ಥರ, ಪರೀಕ್ಷೆ ಹೇಗೆ ಅಂದ್ರೆ ಚಾಕು ತುದೀಲಿ ಒಂದು ಗೀಟು ಎಳೆದು ಎಣಿಸಿ, ಹದಿನೈದರಿಂದ ಇಪ್ಪತ್ತರೊಳಗೆ ಗೀಟು ಮುಚ್ಕೊಂಡ್ರೆ ಸರಿ, ಹತ್ತಕ್ಕೇ ಮುಚ್ಕೊಂಡ್ರೆ ನೀರಾಯ್ತು, ಅಂಚಿಂದ ಇಳ್ದುಹೋಗತ್ತೆ, ಸಕ್ಕರೆ ಸೇರಿಸಿ. ಬಿಳಿ ಹರಡಿ ರಾತ್ರಿ ಪೂರ್ತಿ ಫ್ಯಾನ್ ಕೆಳಗೆ ಬಿಡಿ, ಉಗುರಲ್ಲಿ ತಟ್ಟಿದ್ರೆ ಟಕ್ ಅನ್ಬೇಕು. ಆಮೇಲೇ ಬಣ್ಣ. ಬಣ್ಣ ಜೆಲ್ಲೇ ತಗೊಳ್ಳಿ, ಕಡ್ಡಿ ತುದೀಲಿ ಅದ್ದಿದಷ್ಟು ಸಾಕು, ಬೇಕಾದ್ದಕ್ಕಿಂತ ಒಂದು ಪಾಲು ತಿಳಿಯಾಗೇ ನಿಲ್ಲಿಸಿ, ಇಟ್ಟಷ್ಟೂ ಗಾಢ ಆಗ್ತಾ ಹೋಗತ್ತೆ. ಕಪ್ಪು ಬೇಕೇಬೇಕು ಅಂದ್ರೆ ಮೊದ್ಲು ಕೋಕೋ ಪುಡಿ ಹಾಕಿ ಕಂದು ಮಾಡ್ಕೊಂಡು ಆಮೇಲೆ ಚೂರು ಕಪ್ಪು. ಬಿಡಿ ಪೊಟ್ಟಣದ ಬಣ್ಣ ಬೇಡವೇ ಬೇಡ, 2024ರ ಮಾರ್ಚಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೊಡಮಿನ್-ಬಿ ಹಾಕೋದನ್ನ ನಿಷೇಧಿಸಿದ್ದು ನೆನಪಿದ್ಯಲ್ಲ, ಅದು ಬಟ್ಟೆಗೆ ಹಾಕೋ ಬಣ್ಣ.

ದೀಪ ಸ್ವಲ್ಪ ನಾಜೂಕು, ಅದನ್ನ ಬಿಸ್ಕತ್ ಮೇಲೆ ಬರೀದೇ ಬೇರೆ ಮಾಡಿಟ್ಕೊಳ್ಳಿ. ಪೇಪರಲ್ಲಿ ದೀಪದ ಚಿತ್ರ ಸಾಲಾಗಿ ಪ್ರಿಂಟ್ ತೆಗೆದು ಮೇಲೆ ಪಾರದರ್ಶಕ ಓಎಚ್‌ಪಿ ಶೀಟ್ ಇಟ್ಟು, ಕಾಣೋ ಗೆರೆ ಮೇಲೇ ಐಸಿಂಗ್ ಹಾಕಿ ಒಂದೂವರೆ ದಿನ ಒಣಗಿಸಿ. ಟೇಬಲ್ ಅಂಚಿಗೆ ತಂದು ಶೀಟನ್ನ ಕೆಳಕ್ಕೆ ಬಾಗಿಸಿದ್ರೆ ದೀಪ ತಾನಾಗೇ ಬಿಟ್ಕೊಂಡು ಮುಂದೆ ಬರತ್ತೆ, ಬೆರಳಲ್ಲಿ ಕೀಳ್ಬೇಡಿ. ಒಂದು ಚುಕ್ಕೆ ಐಸಿಂಗ್ ಇಟ್ಟು ಅಂಟಿಸೋದು. ಇದರಲ್ಲಿ ಲಾಭ ಏನಂದ್ರೆ ಕೆಟ್ಟಿದ್ದು ದೀಪ ಮಾತ್ರ, ಬಿಸ್ಕತ್ ಉಳೀತು. ನೂರಿಪ್ಪತ್ತಕ್ಕೆ ನೂರೈವತ್ತು ಮಾಡಿ, ಒಡೆಯತ್ತೆ. ಕಟ್ಟಿನ ಐಸಿಂಗ್ ಮೊಟ್ಟೆದಕ್ಕಿಂತ ಸ್ವಲ್ಪ ಪೆಳಸು, ಅದಕ್ಕೇ ಮೊದ್ಲು ಐದು ಮಾಡಿ ನೋಡ್ಕೊಳ್ಳಿ.

ಇನ್ನು ಕೈ. ಸಂಘದಲ್ಲಿ ಮೆಹಂದಿ ಕೋನ್ ಹಿಡಿಯೋ ಹುಡುಗಿ ಒಬ್ಬಳಾದ್ರೂ ಇರ್ತಾಳೆ, ಅವಳನ್ನ ಜಲ್ಲೆಗೆ ಕೂರಿಸಿ. ನಾಝಲ್ ತುದಿ ಬಿಸ್ಕತ್‌ಗೆ ಒತ್ಕೊಂಡು ಬರೆದ್ರೆ ಗೆರೆ ನಡುಗತ್ತೆ, ತುದೀನ ಒಂದು ಬೆರಳಗಲ ಮೇಲಕ್ಕೆ ಎತ್ತಿ ಎಳೆ ತಾನೇ ಬೀಳೋ ಹಾಗೆ ಬಿಡ್ಬೇಕು, ಎಳೆ ರಂಗೋಲಿ ಬಿಡ್ತೀವಲ್ಲ ಹಾಗೇನೇ. ಒಬ್ಬರು ಒಂದೇ ಬಣ್ಣ ಹಿಡಿದು ನೂರಿಪ್ಪತ್ತಕ್ಕೂ ಹಾಕಲಿ, ಐವತ್ತನೇದಕ್ಕೆ ಕೈ ಪಳಗಿರತ್ತೆ.

ಬಿಸ್ಕತ್ ಲೆಕ್ಕ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ: ಮೈದಾ ಮೂರು ಪಾಲು, ಬೆಣ್ಣೆ ಎರಡು, ಪುಡಿ ಸಕ್ಕರೆ ಒಂದು, ತೂಕದಲ್ಲಿ. ನೂರಿಪ್ಪತ್ತಕ್ಕೆ 1.2 ಕೆಜಿ, 800 ಗ್ರಾಂ, 400 ಗ್ರಾಂ. ಬೇಕಿಂಗ್ ಪೌಡರ್ ಹಾಕಿದ್ರೆ ಉಬ್ಬಿ ಮೇಲ್ಭಾಗ ಡುಬ್ಬ ಆಗತ್ತೆ, ಹಾಕ್ಬೇಡಿ. ಡಬ್ಬೀಲಿ ಗಾಳಿ ಆಡದ ಹಾಗಿಟ್ರೆ ಎರಡು ವಾರ ಏನೂ ಆಗಲ್ಲ, ಅದಕ್ಕೇ ನಾಳೆನೇ ಬೇಯಿಸಿಟ್ಟು ಉಳಿದ ದಿನ ಎಲ್ಲ ಐಸಿಂಗ್‌ಗೇ ಇಟ್ಕೊಳ್ಳಿ.

ಪ್ರಶ್ನೆ: ದಸರಾ ಗೊಂಬೆ ನೋಡೋಕೆ ಬರೋ ಮಕ್ಕಳಿಗೆ ಗಂಡಭೇರುಂಡದ ಕುಕೀಸ್ ಮಾಡ್ಬೇಕು ಅಂತಿದೀನಿ, ಚೆನ್ನಾಗಿ ಬಂದ್ರೆ ಮಾರೋ ಯೋಚನೇನೂ ಇದೆ. ತಪ್ಪಾಗತ್ತಾ?
– ಸರಸ್ವತಿಪುರಂ, ಮೈಸೂರು

ಉತ್ತರ: ಹಕ್ಕಿ ಮಾಡಿ, ಲಾಂಛನ ಮಾಡ್ಬೇಡಿ. ಮೇಲೆ ಸಿಂಹ, ಅಕ್ಕಪಕ್ಕ ಆನೆ ಸೊಂಡಿಲಿನ ಸಿಂಹ, ಕೆಳಗೆ ಸತ್ಯಮೇವ ಜಯತೇ ಎಲ್ಲ ಸೇರಿದ್ರೆ ಅದು ಕರ್ನಾಟಕ ಸರ್ಕಾರದ ಲಾಂಛನ, ಅದನ್ನ ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ ಅಂತ 1950ರ ಕಾಯ್ದೆನೇ ಇದೆ. ಬರೀ ಎರಡು ತಲೆ ಹಕ್ಕಿ ಅದಕ್ಕಿಂತ ಎಷ್ಟೋ ಹಳೇದು, ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿದೆ, ಕೆಳದಿ ರಾಮೇಶ್ವರ ದೇವಸ್ಥಾನದ ಛಾವಣೀಲಿ ಕೆತ್ತಿದಾರೆ. ಆ ಕೆತ್ತನೆ ನೋಡಿ ನಿಮ್ಮದೇ ಒಂದು ಬರ್ಕೊಳ್ಳಿ. ಅಚ್ಚು ಮಾಡಿಸೋಕೆ ದುಡ್ಡು ಹಾಕ್ಬೇಡಿ, ಕೊಕ್ಕು ಮತ್ತೆ ಉಗುರು ಹಿಟ್ಟಲ್ಲಿ ಮುರೀತಾವೆ, ರೌಂಡ್ ಬಿಸ್ಕತ್ ಮೇಲೆ ಒಂದೇ ಬಣ್ಣದಲ್ಲಿ ಹಕ್ಕಿ ನೆರಳಿನ ಥರ ತುಂಬಿ. ರೆಕ್ಕೆಗೆ ಮಾತ್ರ ಐಸಿಂಗ್ ಹಸಿ ಇರುವಾಗಲೇ ಬಂಗಾರದ ಹಳದಿ ಗೆರೆ ಎಳೆದು ಸೂಜಿ ತುದೀಲಿ ಅಡ್ಡ ಎಳೀರಿ, ಗರಿ ತಾನೇ ಬರತ್ತೆ.

ಪ್ರಶ್ನೆ: ಐಸಿಂಗ್ ಗಟ್ಟಿ ಆಗಿತ್ತು, ಸೇಫ್ ಅಂತ ಫ್ರಿಜ್ಜಲ್ಲಿಟ್ಟೆ, ತೆಗೆದ ಅರ್ಧ ಗಂಟೇಲಿ ಅಂಟಂಟು, ಬಣ್ಣ ಎಲ್ಲ ಮಚ್ಚೆ ಮಚ್ಚೆ. ಯಾಕೆ?
– ಶ್ರೀರಂಗಪಟ್ಟಣ

ಉತ್ತರ: ತಣ್ಣಗಿನ ಬಿಸ್ಕತ್ ಹೊರಗೆ ಬಂದಾಗ ಗಾಳಿಯ ತೇವ ಅದರ ಮೇಲೆ ಕೂತ್ಕೊಳ್ಳತ್ತೆ, ಸಕ್ಕರೆ ಕುಡ್ಕೊಂಡುಬಿಡತ್ತೆ. ನೀವು ಹೊಳೆ ದಂಡೇಲಿ ಇರೋರು ಬೇರೆ. ಫ್ರಿಜ್ ಬೇಡ, ಬಾಗಿಲು ಮುಚ್ಚಿದ ರೂಮಲ್ಲಿ ಫ್ಯಾನ್ ಹಾಕಿ ಒಣಗಿಸಿ ಡಬ್ಬಿಗೆ ಹಾಕಿ. ಅಂಟಂಟಾದವನ್ನ ಮನೆ ಮಕ್ಕಳಿಗೆ ಕೊಡಿ, ಅವಕ್ಕೆ ಮಚ್ಚೆ ಕಾಣಲ್ಲ.