ಬಿಸಿಲಿದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಮಲಗಲು, ಅಡುಗೆ ಮಾಡಲು ಒಗ್ಗುವಂತೆ ಮಾರ್ಪಡಿಸಿಕೊಂಡು ನಾವು ದಂಪತಿ ಊರೂರು ಸುತ್ತುತ್ತೇವೆ. ದಾಂಡೇಲಿ ಕಡೆ ಹೋದಾಗ ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿ, 100 ವ್ಯಾಟ್‌ನ ಎರಡು ಮಡಚುವ ಸೋಲಾರ್ ಪ್ಯಾನೆಲ್‌ಗಳನ್ನು 10 ಮೀಟರ್ ಆಚೆ ಬಿಸಿಲಿನಲ್ಲಿ ಇಡುತ್ತೇವೆ. ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಪ್ಯಾನೆಲ್‌ನ ಬೆನ್ನಿಗೇ ಇದೆ. ಮನೆಯಲ್ಲಿ ಉಳಿದಿದ್ದ 1 ಚದರ ಮಿಲಿಮೀಟರ್ ವೈರನ್ನು ಎಳೆದಿದ್ದೇವೆ. ಬ್ಯಾಟರಿ 12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ನಡುರಾತ್ರಿ ಫ್ರಿಜ್ ನಿಂತುಹೋಗುತ್ತದೆ. ಇನ್ನೊಂದು ಪ್ಯಾನೆಲ್ ಕೊಳ್ಳಬೇಕೇ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಕೊಳ್ಳಬೇಡಿ. ನಿಮ್ಮ ಕರೆಂಟು ಆ ವೈರಿನಲ್ಲೇ ಸೋರುತ್ತಿದೆ.

ಇಪ್ಪತ್ತು ವರ್ಷ ಪಂಪ್‌ಸೆಟ್ ವೈರಿಂಗ್ ಮಾಡಿದವನು ನಾನು. ಲೈನಿನ ಕಟ್ಟಕಡೆಯ ತೋಟದಲ್ಲಿ ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ರೈತರು ಮೋಟಾರನ್ನೇ ಬಿಚ್ಚಿಸುತ್ತಿದ್ದರು; ತಪ್ಪು ಇರುತ್ತಿದ್ದುದು ತೆಳು ತಂತಿಯಲ್ಲಿ. 12 ವೋಲ್ಟ್‌ನಲ್ಲಿ ಈ ಕಾಟ ಇನ್ನೂ ಹೆಚ್ಚು.

ಒಂದು ಮಲ್ಟಿಮೀಟರ್ ಹಿಡಿದು ಮಧ್ಯಾಹ್ನ ಎರಡು ಕಡೆ ಅಳೆಯಿರಿ. ಕಂಟ್ರೋಲರ್ ಬಳಿ 14.4 ವೋಲ್ಟ್ ತೋರಿಸಿದರೆ ಬ್ಯಾಟರಿಯ ತುದಿಯಲ್ಲಿ 13.3 ಇರಬಹುದು. ಹೋಗಿ ಬರುವ ದಾರಿ ಸೇರಿ 20 ಮೀಟರ್ ವೈರಿನ ತಡೆ ಸುಮಾರು 0.36 ಓಮ್, ಬರೀ 3 ಆಂಪಿಯರ್ ಹರಿದರೂ ಒಂದು ವೋಲ್ಟ್‌ಗಿಂತ ಹೆಚ್ಚು ಅಲ್ಲೇ ಹೋಯಿತು. ದೂರದಲ್ಲಿ ಕುಳಿತ ಕಂಟ್ರೋಲರ್ ತನ್ನ ಬಳಿಯ 14.4 ಅನ್ನೇ ನಂಬಿ, ಬ್ಯಾಟರಿ ತುಂಬಿತೆಂದು ಕೈ ಬಿಗಿಹಿಡಿಯುತ್ತದೆ. 11 ಆಂಪಿಯರ್ ಬರಬೇಕಾದ ಕಡೆ ಮೂರು ಬರುತ್ತದೆ.

ಕಂಟ್ರೋಲರನ್ನು ಗಾಡಿಯೊಳಗೆ, ಬ್ಯಾಟರಿಯಿಂದ ಒಂದು ಮೊಳದೊಳಗೆ ಕೂರಿಸಿ. ಹೊರಗಿನ ಉದ್ದಕ್ಕೆ 4 ಚದರ ಮಿಲಿಮೀಟರ್‌ನ ತಾಮ್ರದ ಸೋಲಾರ್ ಕೇಬಲ್ ಹಾಕಿ. ಖರ್ಚು ಮಾಡುವುದಾದರೆ ಲಿಥಿಯಂಗೆ ಹೊಂದುವ, 75 ವೋಲ್ಟ್ ತಡೆದುಕೊಳ್ಳುವ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿಕೊಡುವ ಬಗೆಯದು) ಕೊಳ್ಳಿ. ಆಗ ಎರಡೂ ಪ್ಯಾನೆಲ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಸೇರಿಸಿ, ಜೋಡಿಸಬಹುದು. ವೋಲ್ಟೇಜ್ ಇಮ್ಮಡಿ, ಕರೆಂಟು ಅರ್ಧ, ವೈರಿನಲ್ಲಿ ಹೋಗುವ ನಷ್ಟ ಕಾಲುಭಾಗ.

ನೆರಳಿನ ಬಗ್ಗೆಯೂ ಹೇಳಬೇಕು. ಒಂದೇ ಒಂದು ಕೊಂಬೆಯ ನೆರಳು ಪ್ಯಾನೆಲ್‌ನ ಒಂದು ಸಾಲಿನ ಮೇಲೆ ಬಿದ್ದರೂ ಇಳುವರಿ ಅರ್ಧಕ್ಕೆ ಇಳಿಯಬಹುದು. ದಿನಕ್ಕೆ ಎರಡು ಸಲ ಎದ್ದು ಹೋಗಿ ಪ್ಯಾನೆಲ್ ತಿರುಗಿಸಿ. ಬಂಡೆಯ ಮೇಲೆ ಮಲಗಿಸಬೇಡಿ. ಕೆಳಗೆ ಗಾಳಿಯಾಡದೆ ಕಾದರೆ ಇಳುವರಿ ಇನ್ನೂ ಇಳಿಯುತ್ತದೆ.

ಇಷ್ಟಾದರೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 700 ವ್ಯಾಟ್-ಅವರ್ ಸಿಗುತ್ತದೆ. 45 ವ್ಯಾಟ್‌ನ ಫ್ರಿಜ್ ದಿನದ 24 ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೆ 540 ಬೇಕು. ಉಳಿದದ್ದು ದೀಪಕ್ಕೆ, ಮೊಬೈಲ್‌ಗೆ. ಮಳೆಗಾಲದ ದಾಂಡೇಲಿಯಲ್ಲಿ ಇದನ್ನು ನೆಚ್ಚಬೇಡಿ, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಗಾಡಿಯ ಆಲ್ಟರ್ನೇಟರ್‌ನಿಂದ, ಅದನ್ನು ಈ ಬ್ಯಾಟರಿಗೆ ಹೊಂದಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಮೂಲಕ ತುಂಬಿಸಿಕೊಳ್ಳಿ.

ಬ್ಯಾಟರಿಯ ಪ್ಲಸ್ ತುದಿಗೆ ಫ್ಯೂಸ್ ಇಲ್ಲದೆ ಏನನ್ನೂ ಜೋಡಿಸಬೇಡಿ. ನೀವು ಮಲಗುವುದು ಅದರ ಪಕ್ಕದಲ್ಲೇ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.