ಬೆನ್ಸನ್ ಮನೆಯ ಕೊನೆಯ ಮಗ

ಪ್ರಶ್ನೆ: ಬರಹಗಾರರ ಮನೆಯಲ್ಲಿ ಹುಟ್ಟಿ, ವಿಜ್ಞಾನ ಕಾದಂಬರಿಯನ್ನೂ ಬರೆದು, ಈಗ ಮರೆತುಹೋದವರು ಯಾರಾದರೂ ಇದ್ದಾರಾ?

ಉತ್ತರ: ಇದ್ದಾರೆ, ನನಗೆ ತುಂಬಾ ಇಷ್ಟವಾದವರು. ಇಂಗ್ಲೆಂಡಿನ ರಾಬರ್ಟ್ ಹ್ಯೂ ಬೆನ್ಸನ್. ಹುಟ್ಟಿದ್ದು 1871ರಲ್ಲಿ. ಅಪ್ಪ ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಚರ್ಚಿನ ಅತಿ ಹಿರಿಯ ಧರ್ಮಗುರು, ಅಂದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಅಣ್ಣಂದಿರಾದ ಆರ್ಥರ್, ಫ್ರೆಡ್ ಇಬ್ಬರೂ ಹೆಸರಾಂತ ಲೇಖಕರು. ಅಂಥ ಮನೆಯ ಮಗ 1903ರಲ್ಲಿ ಕ್ಯಾಥೊಲಿಕ್ ಆದರು. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಅಲ್ವಾ? ಮಾತಾಡುವಾಗ ತೊದಲುತ್ತಿದ್ದರು. ಪ್ರವಚನಕ್ಕೆ ನಿಂತರೆ ಮಾತು ಸರಾಗ.

1907ರಲ್ಲಿ ಅವರ ವಿಜ್ಞಾನ ಕಾದಂಬರಿ 'ಲಾರ್ಡ್ ಆಫ್ ದಿ ವರ್ಲ್ಡ್' ಬಂತು. ಅದರಲ್ಲಿ 'ವೋಲರ್' ಎಂಬ ಹಾರುವ ವಾಹನವೊಂದು ಬೀಳುತ್ತದೆ. ಗಾಯಾಳುಗಳ ಬಳಿಗೆ ದಯಾಮರಣ ಕೊಡುವವರು ಓಡಿ ಬರುತ್ತಾರೆ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬದುಕಿದ್ದು 42 ವರ್ಷ ಅಷ್ಟೇ, 1914ರಲ್ಲಿ ತೀರಿಕೊಂಡರು. ಮರುವರ್ಷ, 1915ರಲ್ಲಿ, ಆರ್ಥರ್ ತಮ್ಮನ ನೆನಪುಗಳನ್ನು ಪುಸ್ತಕ ಮಾಡಿದರು. ಮೊದಲು ಅದನ್ನೇ ಓದಿ.